ಹೊಸಬರಿಗೆ ಮಾರ್ಗದರ್ಶಿ: ಬ್ರಿಟನ್ನಿನ ಭತ್ಯೆ, ಪಿಂಚಣಿ, ಕೆಲಸದ ನೆರವು – ಯಾವುದಕ್ಕೆ ಕೈ ಹಾಕಬೇಕು, ಯಾವುದಕ್ಕೆ ಬೇಡ

ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಯುಗಾದಿ ಊಟದ ದಿನ ಯಾರಾದರೊಬ್ಬರು ಕಂದು ಲಕೋಟೆ ಹಿಡಿದು ಬಂದೇ ಬರುತ್ತಾರೆ. ಒಂದು ಕೈಯಲ್ಲಿ ಹೋಳಿಗೆ ತಟ್ಟೆ, ಇನ್ನೊಂದು ಕೈಯಲ್ಲಿ ಲಕೋಟೆ. "ಸ್ವಲ್ಪ ಇದನ್ನ ನೋಡ್ತೀರಾ? ಏನೋ ಸರ್ಕಾರದಿಂದ ಬಂದಿದೆ." ಲಕೋಟೆ ಕಂದು ಬಣ್ಣದ್ದಾದರೆ ಸಾಮಾನ್ಯವಾಗಿ ಅದು ಭತ್ಯೆ, ಪಿಂಚಣಿ ನೋಡಿಕೊಳ್ಳುವ ಡಿಡಬ್ಲ್ಯುಪಿ ಇಲಾಖೆಯಿಂದ ಬಂದಿರುತ್ತದೆ, ಇಲ್ಲವೇ ತೆರಿಗೆ ಇಲಾಖೆಯಿಂದ.

ಇಷ್ಟು ವರ್ಷದಲ್ಲಿ ಎರಡು ತರಹದ ಜನರನ್ನು ನೋಡಿದ್ದೇವೆ. ಒಂದು ತರಹದವರಿಗೆ ಸರ್ಕಾರದ ಹಣ ಎಂದರೆ ಭಯ. ತಮಗೆ ಬರಬೇಕಾದದ್ದನ್ನೂ ಕೇಳುವುದಿಲ್ಲ, ವೀಸಾಕ್ಕೆ ತೊಂದರೆಯಾದೀತು ಎಂದು ಸುಮ್ಮನಿರುತ್ತಾರೆ. ಇನ್ನೊಂದು ತರಹದವರು ಪಕ್ಕದ ಮನೆಯವರು ತುಂಬಿದ ಫಾರ್ಮನ್ನೇ ತಾವೂ ತುಂಬುತ್ತಾರೆ, ಆಮೇಲೆ ವೀಸಾ ನವೀಕರಣದ ಹೊತ್ತಿಗೆ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಇಬ್ಬರಿಗೂ ತಿಳಿಯದೆ ಇದ್ದದ್ದು ಒಂದೇ ವಿಷಯ. ಇಲ್ಲಿ ಎರಡು ಗಂಟುಗಳಿವೆ. ಒಂದು ನಾವೇ ಸಂಬಳದಿಂದ ಕಟ್ಟಿದ ಗಂಟು. ಇನ್ನೊಂದು ಸರ್ಕಾರ ತನ್ನ ಬೊಕ್ಕಸದಿಂದ ಕೊಡುವ ಗಂಟು. ಯಾವುದು ಯಾವ ಗಂಟಿನದು ಎಂದು ಗೊತ್ತಾದರೆ ಅರ್ಧ ತಲೆನೋವು ಹೋದಂತೆ.

ಇಲ್ಲಿ ಕೊಟ್ಟ ದರಗಳು 2025–26ನೇ ಸಾಲಿನವು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ, 2026ರ ಏಪ್ರಿಲ್‌ನಲ್ಲೂ ಬದಲಾಗಿವೆ. ಅರ್ಜಿ ಹಾಕುವ ದಿನ ಸರ್ಕಾರದ ಜಾಲತಾಣ ಗವ್ ಡಾಟ್ ಯುಕೆಯಲ್ಲಿ ಒಮ್ಮೆ ನೋಡಿಕೊಳ್ಳಿ.

ಯಾರ ಬಾಗಿಲು ತಟ್ಟಬೇಕು

ಡಿಡಬ್ಲ್ಯುಪಿ ಎಂದರೆ ಕೆಲಸ ಮತ್ತು ಪಿಂಚಣಿ ಇಲಾಖೆ. 2001ರಲ್ಲಿ ಸಾಮಾಜಿಕ ಭದ್ರತೆಯ ಇಲಾಖೆಯನ್ನೂ ಉದ್ಯೋಗ ಸೇವೆಯನ್ನೂ ಸೇರಿಸಿ ಇದನ್ನು ಮಾಡಿದರು. ಪಿಂಚಣಿ, ಅಂಗವಿಕಲರ ಭತ್ಯೆ, ನಿರುದ್ಯೋಗ ಭತ್ಯೆ ಎಲ್ಲ ಇದರ ಕೆಳಗೇ. ಊರೂರಲ್ಲಿ ಕಾಣುವ ಜಾಬ್‌ಸೆಂಟರ್ ಇದರದೇ ಕಚೇರಿ. ಆದರೆ ಮಕ್ಕಳ ಚೈಲ್ಡ್ ಬೆನಿಫಿಟ್ ಮತ್ತು ನಿಮ್ಮ ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್, ಸಂಬಳದಿಂದ ಕಟ್ಟುವ ವಿಮೆ) ಲೆಕ್ಕ ನೋಡಿಕೊಳ್ಳುವುದು ತೆರಿಗೆ ಇಲಾಖೆ, ಅಂದರೆ ಎಚ್‌ಎಮ್‌ಆರ್‌ಸಿ. ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ), ಬ್ಲೂ ಬ್ಯಾಡ್ಜ್ (ಅಂಗವಿಕಲರ ಪಾರ್ಕಿಂಗ್ ಕಾರ್ಡು), ಶಾಲೆಯ ವಿಶೇಷ ನೆರವು ಊರಿನ ಕೌನ್ಸಿಲ್‌ನ ಕೈಯಲ್ಲಿ. ಒಬ್ಬರು ಇನ್ನೊಬ್ಬರ ಕೆಲಸದ ಬಗ್ಗೆ ಉತ್ತರ ಕೊಡುವುದಿಲ್ಲ. ಈ ವಿಷಯದಲ್ಲಿ ನಮ್ಮ ತಾಲ್ಲೂಕು ಕಚೇರಿಗೂ ಇಲ್ಲಿಗೂ ಅಂಥ ವ್ಯತ್ಯಾಸವೇನಿಲ್ಲ, ಕ್ಯೂ ಮಾತ್ರ ಫೋನಿನಲ್ಲಿ.

ಸ್ಕಾಟ್ಲೆಂಡ್‌ನಲ್ಲಿ ಇದ್ದರೆ ಅಂಗವಿಕಲರ ಭತ್ಯೆಗಳನ್ನು ಸೋಷಿಯಲ್ ಸೆಕ್ಯುರಿಟಿ ಸ್ಕಾಟ್ಲೆಂಡ್ ಕೊಡುತ್ತದೆ, ಹೆಸರುಗಳೂ ಬೇರೆ. ಉತ್ತರ ಐರ್ಲೆಂಡ್‌ನಲ್ಲಿ ಡಿಪಾರ್ಟ್‌ಮೆಂಟ್ ಫಾರ್ ಕಮ್ಯುನಿಟೀಸ್. ಮುಂದೆ ಬರೆದಿರುವುದು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವವರಿಗೆ.

ವೀಸಾದ ಮೇಲಿನ ಆ ಒಂದು ಸಾಲು

ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್, ಡಿಪೆಂಡೆಂಟ್ – ನಮ್ಮಲ್ಲಿ ಹೆಚ್ಚಿನವರು ಬರುವುದು ಇಂಥ ವೀಸಾದಲ್ಲಿ. ನಿಮ್ಮ ಈ-ವೀಸಾ ಖಾತೆ ತೆರೆದು ನೋಡಿ. ಪಬ್ಲಿಕ್ ಫಂಡ್ಸ್ ಪಡೆಯುವಂತಿಲ್ಲ ಎಂದು ಅಲ್ಲಿ ಇರುತ್ತದೆ. ಈ ಬರಹದ ಉಳಿದೆಲ್ಲವನ್ನೂ ಮರೆತರೂ ಆ ಸಾಲನ್ನು ಮರೆಯಬೇಡಿ.

ಪಬ್ಲಿಕ್ ಫಂಡ್ಸ್ ಎಂದರೆ ಸರ್ಕಾರದಿಂದ ಬರುವ ಪ್ರತಿ ಪೆನ್ನಿಯೂ ಅಲ್ಲ. ಅದಕ್ಕೊಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇರುವುದು: ಯೂನಿವರ್ಸಲ್ ಕ್ರೆಡಿಟ್ (ಆದಾಯ ಕಡಿಮೆ ಇದ್ದವರಿಗೆ), ಪಿಪ್ (ದೊಡ್ಡವರ ಅಂಗವೈಕಲ್ಯ ಭತ್ಯೆ), ಡಿಎಲ್‌ಎ (ಮಕ್ಕಳ ಅಂಗವೈಕಲ್ಯ ಭತ್ಯೆ), ಅಟೆಂಡೆನ್ಸ್ ಅಲೋಯನ್ಸ್ (ವೃದ್ಧರ ಅಂಗವೈಕಲ್ಯ ಭತ್ಯೆ), ಕೇರರ್ಸ್ ಅಲೋಯನ್ಸ್ (ಅವರನ್ನು ನೋಡಿಕೊಳ್ಳುವವರಿಗೆ), ಪೆನ್ಷನ್ ಕ್ರೆಡಿಟ್ (ಆದಾಯ ಕಡಿಮೆ ಇರುವ ವೃದ್ಧರಿಗೆ), ಹೌಸಿಂಗ್ ಬೆನಿಫಿಟ್ (ಮನೆ ಬಾಡಿಗೆಗೆ), ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್, ಕೌನ್ಸಿಲ್ ಕೊಡುವ ಮನೆ. ಇವುಗಳಿಗೆ ಕೈ ಹಾಕಿದರೆ ವೀಸಾದ ಷರತ್ತು ಮುರಿದಂತೆ.

ಪಟ್ಟಿಯಲ್ಲಿ ಇಲ್ಲದ್ದನ್ನೂ ನೋಡಿ, ಜನ ಹೆದರುವುದು ಇದರ ಬಗ್ಗೆಯೇ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಚಿಕಿತ್ಸೆ ಪಬ್ಲಿಕ್ ಫಂಡ್ಸ್ ಅಲ್ಲ, ಅದಕ್ಕೆ ವೀಸಾ ಜೊತೆಯಲ್ಲೇ ಸರ್ಚಾರ್ಜ್ ಕಟ್ಟಿದ್ದೀರಿ. ಸರ್ಕಾರಿ ಶಾಲೆ ಅಲ್ಲ. ಕಾಯಿಲೆ ರಜೆಯ ಸಂಬಳ ಅಲ್ಲ, ಹೆರಿಗೆ ರಜೆಯ ಸಂಬಳ ಅಲ್ಲ, ಮೆಟರ್ನಿಟಿ ಅಲೋಯನ್ಸ್ ಅಲ್ಲ. ಎನ್‌ಐ ಕಟ್ಟಿದ್ದರ ಮೇಲೆ ಸಿಗುವ ನ್ಯೂ ಸ್ಟೈಲ್ ಜೆಎಸ್‌ಎ (ನಿರುದ್ಯೋಗ ಭತ್ಯೆ), ನ್ಯೂ ಸ್ಟೈಲ್ ಇಎಸ್‌ಎ (ಕಾಯಿಲೆಯಿಂದ ದುಡಿಯಲಾಗದವರ ಭತ್ಯೆ), ಸ್ಟೇಟ್ ಪೆನ್ಷನ್ (ಸರ್ಕಾರಿ ಪಿಂಚಣಿ) – ಇವೂ ಅಲ್ಲ. ಒಬ್ಬರೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸಿನಲ್ಲಿ ಸಿಗುವ 25 ಶೇಕಡ ರಿಯಾಯಿತಿಯೂ ಅಲ್ಲ. ರಿಡಕ್ಷನ್ ಬೇರೆ, ಡಿಸ್ಕೌಂಟ್ ಬೇರೆ. ಹೆಸರು ಹತ್ತಿರ ಹತ್ತಿರ ಇದೆ ಅಂತ ಮೋಸ ಹೋಗಬೇಡಿ.

ನನ್ನದೇ ಕತೆ ಹೇಳುತ್ತೇನೆ. ಮಗಳು ಹುಟ್ಟಿದಾಗ ನನ್ನ ಕೈಗೆ ಒಂದು ಚೈಲ್ಡ್ ಬೆನಿಫಿಟ್ ಫಾರ್ಮ್ ಬಂತು. ಪಕ್ಕದ ಮನೆಯವರು, "ಎಲ್ಲರೂ ತುಂಬ್ತಾರೆ, ನೀವೂ ತುಂಬಿ" ಎಂದರು. ತುಂಬಿದೆ. ಲಕೋಟೆಗೆ ಸ್ಟ್ಯಾಂಪೂ ಅಂಟಿಸಿದೆ. ಅಂಚೆಪೆಟ್ಟಿಗೆಗೆ ಹಾಕುವ ಮೊದಲು ಆಫೀಸಿನಲ್ಲಿ ಒಬ್ಬ ಗೆಳೆಯನಿಗೆ ಹೇಳಿದೆ, ಅವನು ಕೈಯಿಂದ ಕಿತ್ತುಕೊಂಡ. "ನಿನ್ನ ಮಗಳು ಇಲ್ಲಿ ಹುಟ್ಟಿದ ಮಾತ್ರಕ್ಕೆ ಬ್ರಿಟಿಷ್ ಆಗಲ್ಲ ಮಾರಾಯ" ಎಂದ. ನಿಜ, 1983ರಿಂದ ಅಪ್ಪ ಅಥವಾ ಅಮ್ಮ ಬ್ರಿಟಿಷ್ ಆಗಿರಬೇಕು, ಇಲ್ಲವೇ ಐಎಲ್‌ಆರ್, ಅಂದರೆ ಕಾಯಂ ವಾಸದ ಅನುಮತಿ, ಇರಬೇಕು. ಪಕ್ಕದ ಮನೆಯವರದು ತಪ್ಪಿಲ್ಲ. ಅವರಿಗೆ ವೀಸಾ ಎಂದರೇನೆಂದೇ ಗೊತ್ತಿರಲಿಲ್ಲ.

ಗಂಡ ಹೆಂಡತಿಯಲ್ಲಿ ಒಬ್ಬರು ಬ್ರಿಟಿಷ್ ಅಥವಾ ಐಎಲ್‌ಆರ್, ಇನ್ನೊಬ್ಬರು ವೀಸಾದಲ್ಲಿ ಇದ್ದರೆ ಲೆಕ್ಕ ಬೇರೆ. ಮೊದಲನೆಯವರು ತಮ್ಮ ಪಾಲಿಗೆ ಕೇಳಬಹುದು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆಗ ಒಬ್ಬರ ದರವನ್ನೇ ಕೊಡುತ್ತಾರೆ. ಸಂಗಾತಿಯ ವೀಸಾ ಸ್ಥಿತಿಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಇಂಥ ಮನೆಯವರು ಅರ್ಜಿಗೆ ಮುಂಚೆ ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರನ್ನು ಕಾಣಬೇಕು. ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.

ಎನ್‌ಐ ನಂಬರ್: ನಿಮ್ಮ ಗಂಟಿನ ಬೀಗದ ಕೈ

ಎರಡು ಅಕ್ಷರ, ಆರು ಅಂಕಿ, ಕೊನೆಗೆ ಒಂದು ಅಕ್ಷರ. ಗವ್ ಡಾಟ್ ಯುಕೆಯಲ್ಲಿ ಪುಕ್ಕಟೆಯಾಗಿ ಅರ್ಜಿ ಹಾಕಬಹುದು. "ಮಾಡಿಸಿಕೊಡ್ತೀವಿ, 50 ಪೌಂಡ್ ಕೊಡಿ" ಎನ್ನುವ ಜಾಲತಾಣಗಳಿವೆ, ಅವರನ್ನು ದೂರ ಇಡಿ. ನಂಬರ್ ಬರುವ ಮೊದಲೇ ಕೆಲಸ ಶುರು ಮಾಡಬಹುದು, ಕೆಲಸ ಮಾಡುವ ಹಕ್ಕು ವೀಸಾದಲ್ಲಿ ಇದ್ದರೆ ಸಾಕು. ಬಂದ ಮೇಲೆ ಕಂಪನಿಗೆ ತಿಳಿಸಿ.

ಪೇಸ್ಲಿಪ್ಪಿನಲ್ಲಿ ಎನ್‌ಐ ಎಂದು ಕಡಿತವಾಗುತ್ತದೆ. ವರ್ಷಕ್ಕೆ 12,570 ಪೌಂಡಿನಿಂದ 50,270 ಪೌಂಡಿನವರೆಗಿನ ಸಂಬಳದ ಮೇಲೆ 8 ಶೇಕಡ, ಅದರ ಮೇಲಿನದಕ್ಕೆ 2 ಶೇಕಡ. ಇನ್‌ಕಮ್ ಟ್ಯಾಕ್ಸ್ ಬೇರೆ, ಇದು ಬೇರೆ. ಹಳೆಯ ಬ್ರಿಟಿಷರು ಇದನ್ನು ಇನ್ನೂ "ಸ್ಟ್ಯಾಂಪ್" ಎನ್ನುತ್ತಾರೆ, ಒಂದು ಕಾಲದಲ್ಲಿ ಕಾರ್ಡಿನ ಮೇಲೆ ವಾರವಾರ ಸ್ಟ್ಯಾಂಪ್ ಅಂಟಿಸುತ್ತಿದ್ದ ನೆನಪು ಅದು. ನಾವು ಹೇಳಿದ ಮೊದಲನೆಯ ಗಂಟು ಇದೇ. ಪೇಸ್ಲಿಪ್ಪುಗಳನ್ನೂ ವರ್ಷದ ಸಂಬಳ, ಕಡಿತಗಳನ್ನು ತೋರಿಸುವ ಪಿ60 ಪತ್ರವನ್ನೂ ಎಸೆಯಬೇಡಿ.

ಭಾರತದ ಕಂಪನಿಯೇ ಕೆಲವು ತಿಂಗಳಿಗೆಂದು ಇಲ್ಲಿಗೆ ಕಳಿಸಿದ್ದರೆ ಸಾಮಾನ್ಯವಾಗಿ ಮೊದಲ 52 ವಾರ ಇಲ್ಲಿ ಎನ್‌ಐ ಕಟ್ಟಬೇಕಾಗಿಲ್ಲ. ಎರಡೂ ಕಡೆ ಕಟ್ಟುವ ಹೊರೆ ತಪ್ಪಿಸಲು 2025ರ ವ್ಯಾಪಾರ ಒಪ್ಪಂದದ ಜೊತೆಗೆ ಭಾರತ ಮತ್ತು ಬ್ರಿಟನ್ ಒಂದು ಒಡಂಬಡಿಕೆಗೂ ಒಪ್ಪಿದವು. ಸಂಬಳದಲ್ಲಿ ಕಡಿತ ಇಲ್ಲ ಎಂದು ಖುಷಿಪಡಿ, ಆದರೆ ಕಟ್ಟದ ವರ್ಷಗಳು ಇಲ್ಲಿನ ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ ಎನ್ನುವುದೂ ನೆನಪಿರಲಿ.

ಹುಷಾರು ತಪ್ಪಿದರೆ, ಕೆಲಸ ಹೋದರೆ

ಕಾಯಿಲೆಯಾದರೆ ಮೊದಲ 7 ದಿನ ನೀವೇ ಬರೆದುಕೊಟ್ಟರೆ ಸಾಕು. ಆಮೇಲೆ ಜಿಪಿಯಿಂದ, ಅಂದರೆ ನಿಮ್ಮ ಊರಿನ ವೈದ್ಯರಿಂದ, ಫಿಟ್ ನೋಟ್ ಎಂಬ ಪತ್ರ ಬೇಕು. ಕಂಪನಿಯದೇ ಕಾಯಿಲೆ ರಜೆ ಸಂಬಳ ಇಲ್ಲದಿದ್ದರೂ ಕಾನೂನಿನ ಪ್ರಕಾರ ಎಸ್‌ಎಸ್‌ಪಿ (ಕಾನೂನಿನ ಕನಿಷ್ಠ ಕಾಯಿಲೆ ರಜೆ ಸಂಬಳ) ಕೊಡಲೇಬೇಕು: 2025–26ರಲ್ಲಿ ವಾರಕ್ಕೆ 118.75 ಪೌಂಡ್ ಇತ್ತು, ಹೆಚ್ಚೆಂದರೆ 28 ವಾರ. ಹಿಂದೆ ಮೊದಲ ಮೂರು ದಿನಕ್ಕೆ ಏನೂ ಇರಲಿಲ್ಲ, 2026ರ ಏಪ್ರಿಲ್‌ನಿಂದ ಮೊದಲ ದಿನಕ್ಕೂ ಉಂಟು. ಎಸ್‌ಎಸ್‌ಪಿ ಮುಗಿದೂ ವಾಸಿಯಾಗದಿದ್ದರೆ, ಎನ್‌ಐ ಸಾಕಷ್ಟು ಕಟ್ಟಿದವರು ನ್ಯೂ ಸ್ಟೈಲ್ ಇಎಸ್‌ಎ ಕೇಳಬಹುದು.

ಕೆಲಸ ಹೋದವರಿಗೆ ನ್ಯೂ ಸ್ಟೈಲ್ ಜೆಎಸ್‌ಎ. ಹಿಂದಿನ ಎರಡು ಮೂರು ವರ್ಷ ಉದ್ಯೋಗಿಯಾಗಿ ಎನ್‌ಐ ಕಟ್ಟಿರಬೇಕು. 25 ದಾಟಿದವರಿಗೆ ವಾರಕ್ಕೆ 92.05 ಪೌಂಡ್, ಹೆಚ್ಚೆಂದರೆ ಆರು ತಿಂಗಳು. ಬ್ಯಾಂಕಿನಲ್ಲಿ ಎಷ್ಟಿದೆ, ಗಂಡನ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಡಿಪೆಂಡೆಂಟ್ ವೀಸಾದಲ್ಲಿ ಬಂದು ನಾಲ್ಕೈದು ವರ್ಷ ದುಡಿದ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದನ್ನು ಕೇಳದೇ ಬಿಟ್ಟಿದ್ದಾರೆ. ಅವರಿಗೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕು ಇರುವುದರಿಂದ ಜಾಬ್‌ಸೆಂಟರಿನಲ್ಲಿ "ಕೆಲಸಕ್ಕೆ ಸಿದ್ಧ" ಎಂದು ತೋರಿಸುವುದೂ ಸುಲಭ.

ಸ್ಕಿಲ್ಡ್ ವರ್ಕರ್ ವೀಸಾದವರ ಕೆಲಸ ಹೋದರೆ ಚಿಂತೆಯೇ ಬೇರೆ. ಕಂಪನಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸುತ್ತದೆ, ಸಾಮಾನ್ಯವಾಗಿ ವೀಸಾವನ್ನು 60 ದಿನಕ್ಕೆ ಮೊಟಕು ಮಾಡುತ್ತಾರೆ. ಆಗ ಭತ್ಯೆಯ ಫಾರ್ಮಿಗಿಂತ ಮೊದಲು ಹೊಸ ಸ್ಪಾನ್ಸರ್ ಹುಡುಕಿ. ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾಚಿಕೆಯಿಲ್ಲದೆ ಹಾಕಿ. ಎಷ್ಟೋ ಜನರಿಗೆ ಹಾಗೇ ಕೆಲಸ ಸಿಕ್ಕಿದೆ.

ಅಂಗವೈಕಲ್ಯ: ಇಲ್ಲಿ ಪರ್ಸೆಂಟೇಜ್ ಕೇಳುವುದಿಲ್ಲ

ಊರಲ್ಲಿ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಮುಂದೆ ನಿಂತು ಇಷ್ಟು ಶೇಕಡ ಎಂದು ಬರೆಸಿಕೊಳ್ಳುತ್ತೇವೆ. 40 ಶೇಕಡ ದಾಟಿದರೆ ಒಂದು ದಾರಿ, ದಾಟದಿದ್ದರೆ ಇನ್ನೊಂದು. ಆ ಯುಡಿಐಡಿ ಕಾರ್ಡನ್ನು ಜೋಪಾನವಾಗಿ ತಂದವರಿದ್ದಾರೆ. ಇಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ರೋಗದ ಹೆಸರನ್ನೂ ಅವರು ಅಷ್ಟಾಗಿ ನೋಡುವುದಿಲ್ಲ. ಅವರು ಕೇಳುವುದು: ನೀವು ಏನು ಮಾಡಬಲ್ಲಿರಿ, ಏನು ಮಾಡಲಾರಿರಿ.

16 ವರ್ಷದಿಂದ ಪಿಂಚಣಿ ವಯಸ್ಸಿನವರೆಗೆ ಇರುವ ಮುಖ್ಯ ಭತ್ಯೆ ಪಿಪ್. 2013ರಲ್ಲಿ ಬಂತು. ದುಡಿಯುತ್ತಿದ್ದರೂ ಸಿಗುತ್ತದೆ, ಉಳಿತಾಯ ಇದ್ದರೂ ಸಿಗುತ್ತದೆ. ಆದರೆ ಇದು ಪಬ್ಲಿಕ್ ಫಂಡ್ಸ್, ಹಾಗಾಗಿ ಐಎಲ್‌ಆರ್ ಅಥವಾ ಪೌರತ್ವ ಬಂದ ಮೇಲಿನ ಮಾತು. ಜೊತೆಗೆ, ಹಿಂದಿನ 156 ವಾರಗಳಲ್ಲಿ 104 ವಾರ ಈ ದೇಶದಲ್ಲಿ ಇದ್ದಿರಬೇಕು. ಅಮ್ಮನಿಗೆ ಹುಷಾರಿಲ್ಲ ಎಂದು ಆರು ತಿಂಗಳು ಶಿವಮೊಗ್ಗದಲ್ಲಿ ಇದ್ದು ಬಂದರೆ ಆ ವಾರಗಳು ಲೆಕ್ಕದಿಂದ ಹೋಗಬಹುದು. ತೊಂದರೆ ಶುರುವಾಗಿ 3 ತಿಂಗಳಾಗಿರಬೇಕು, ಇನ್ನೂ 9 ತಿಂಗಳು ಇರುತ್ತದೆ ಎನ್ನುವಂತಿರಬೇಕು.

ಎರಡು ಭಾಗ ಇದೆ. ದಿನನಿತ್ಯದ ಬದುಕಿಗೆ ವಾರಕ್ಕೆ 73.90 ಅಥವಾ 110.40 ಪೌಂಡ್. ಓಡಾಟಕ್ಕೆ 29.20 ಅಥವಾ 77.05. ಅಡುಗೆ, ಊಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಮಾತು, ಓದು, ಜನರ ಜೊತೆ ಬೆರೆಯುವುದು, ಹಣದ ಲೆಕ್ಕ – ಹೀಗೆ ಹತ್ತು ಚಟುವಟಿಕೆ, ಓಡಾಟಕ್ಕೆ ಎರಡು. ಪ್ರತಿಯೊಂದಕ್ಕೂ ಅಂಕ. ಒಂದು ಭಾಗದಲ್ಲಿ 8 ಅಂಕ ಬಂದರೆ ಕೆಳಗಿನ ದರ, 12 ಬಂದರೆ ಮೇಲಿನ ದರ.

ಹೊಸ ಅರ್ಜಿಗೆ 0800 917 2222ಕ್ಕೆ ಫೋನ್ ಮಾಡಬೇಕು. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕೆಂದು ಶುರುವಿನಲ್ಲೇ ಕೇಳಿ. ಆಮೇಲೆ ದೊಡ್ಡ ಫಾರ್ಮ್ ಬರುತ್ತದೆ, ವಾಪಸ್ ಕಳಿಸಲು ಒಂದು ತಿಂಗಳು. ನಮ್ಮವರು ಎಡವುವುದು ಇಲ್ಲೇ.

ನಮಗೆ ಒಂದು ಅಭ್ಯಾಸ ಇದೆ. "ಹೇಗಿದ್ದೀರಾ?" ಎಂದರೆ ಜ್ವರ ಬಂದು ಮಲಗಿದ್ದರೂ "ಚೆನ್ನಾಗಿದ್ದೀವಿ" ಎನ್ನುತ್ತೇವೆ. "ಹೇಗೋ ನಡೀತಿದೆ", "ದೇವರು ನಡೆಸ್ತಿದಾನೆ". ಪರಿಚಯದ ಒಬ್ಬ ಅಕ್ಕ, ಐವತ್ತು ದಾಟಿದವರು, ಸಂಧಿವಾತದಿಂದ ಬೆರಳು ಮಡಚುವುದೇ ಕಷ್ಟ. ಫೋನಿನಲ್ಲಿ ಮೌಲ್ಯಮಾಪನ ಮಾಡಿದವರು ಅಡುಗೆ ಮಾಡುತ್ತೀರಾ ಎಂದು ಕೇಳಿದರು. ಅಕ್ಕ ಹೆಮ್ಮೆಯಿಂದ, "ಹೌದು, ದಿನಾ ನಾನೇ ಮಾಡೋದು" ಎಂದರು. ಅಡುಗೆಗೆ ಸೊನ್ನೆ ಅಂಕ. ನಿಜ ಏನು? ತರಕಾರಿ ಹೆಚ್ಚಿಕೊಡುವುದು ಮಗ. ಕುಕ್ಕರ್ ಇಳಿಸುವುದು ಗಂಡ. ಅಕ್ಕ ಸ್ಟೂಲಿನ ಮೇಲೆ ಕೂತು ಒಗ್ಗರಣೆ ಹಾಕುತ್ತಾರೆ, ವಾರದಲ್ಲಿ ಮೂರು ದಿನ ಅದೂ ಆಗದೆ ಬ್ರೆಡ್ಡು. ಆದರೆ ಅಡುಗೆಮನೆ ತನ್ನ ಕೈ ತಪ್ಪಿದೆ ಎಂದು ಅಪರಿಚಿತರ ಎದುರು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ನಿಯಮ ನಿಜವಾಗಿ ಕೇಳುವುದು ನಾಲ್ಕು ವಿಷಯ. ಆ ಕೆಲಸವನ್ನು ಅಪಾಯವಿಲ್ಲದೆ ಮಾಡಬಲ್ಲಿರಾ? ಒಪ್ಪುವಷ್ಟು ಸರಿಯಾಗಿ ಮಾಡಬಲ್ಲಿರಾ? ಬೇಕಾದಾಗಲೆಲ್ಲ ಮತ್ತೆ ಮತ್ತೆ ಮಾಡಬಲ್ಲಿರಾ? ಬೇರೆಯವರಿಗೆ ಹಿಡಿಯುವ ಸಮಯದ ಎರಡರಷ್ಟರೊಳಗೆ ಮುಗಿಸಬಲ್ಲಿರಾ? ನಾಲ್ಕರಲ್ಲಿ ಒಂದಕ್ಕೆ "ಇಲ್ಲ" ಎಂದಾದರೂ, ಅವರ ಲೆಕ್ಕದಲ್ಲಿ ಆ ಕೆಲಸ ನಿಮ್ಮಿಂದ ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ದಿನಗಳಲ್ಲಿ ಹಾಗಿರಬೇಕು. ಅಡುಗೆ ಎಂದರೆ ಹಬ್ಬದಡುಗೆ ಅಲ್ಲ, ಒಬ್ಬರಿಗಾಗುವಷ್ಟು ಸಾದಾ ಬಿಸಿಯೂಟ, ಹಸಿ ಪದಾರ್ಥದಿಂದ. ನಡೆಯುವುದಕ್ಕೆ ಅವರು ನೋಡುವ ಗೆರೆಗಳು 20 ಮೀಟರ್, 50 ಮೀಟರ್, 200 ಮೀಟರ್. "ಅಂಗಡಿವರೆಗೆ ಹೋಗ್ತೀನಿ" ಎನ್ನಬೇಡಿ. ಎಷ್ಟು ಮೀಟರಿಗೆ ನಿಲ್ಲುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ, ಮರುದಿನ ಎದ್ದಿರಾ ಇಲ್ಲವಾ ಎಂದು ಹೇಳಿ.

ಅರ್ಜಿಗೆ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೋಮವಾರ: ಗುಂಡಿ ಹಾಕಲು ಆಗಲಿಲ್ಲ, ಮಗಳು ಹಾಕಿದಳು. ಮಂಗಳವಾರ: ಸ್ನಾನದಲ್ಲಿ ಜಾರಿದೆ. ಕನ್ನಡದಲ್ಲೇ ಬರೆಯಿರಿ, ಫಾರ್ಮಿಗೆ ಇಳಿಸುವಾಗ ಸಂಘದವರು ಕೂತು ಇಂಗ್ಲಿಷ್ ಮಾಡಿಕೊಡುತ್ತಾರೆ. ಇಲ್ಲದ ಕಷ್ಟ ಸೇರಿಸಬೇಡಿ, ಇರುವುದನ್ನು ಹಲ್ಲು ಕಚ್ಚಿ ನುಂಗಬೇಡಿ. ಆಸ್ಪತ್ರೆಯ ಪತ್ರ, ಔಷಧಿ ಪಟ್ಟಿ, ಫಿಸಿಯೋ ಬರೆದುಕೊಟ್ಟದ್ದರ ಪ್ರತಿಗಳನ್ನು ಲಗತ್ತಿಸಿ. ಮೂಲ ಪತ್ರಗಳನ್ನು ಕಳಿಸಬೇಡಿ.

ತಿರಸ್ಕಾರವಾದರೆ ಅಲ್ಲಿಗೆ ಮುಗಿಯಲಿಲ್ಲ. ಒಂದು ತಿಂಗಳೊಳಗೆ "ಮ್ಯಾಂಡೇಟರಿ ರಿಕನ್ಸಿಡರೇಷನ್" ಕೇಳಿ, ಅಂದರೆ ಅವರೇ ಮತ್ತೊಮ್ಮೆ ನೋಡುವುದು. ಅದರಲ್ಲೂ ಆಗದಿದ್ದರೆ ಇನ್ನೊಂದು ತಿಂಗಳೊಳಗೆ ಟ್ರಿಬ್ಯೂನಲ್. ಟ್ರಿಬ್ಯೂನಲ್ ಡಿಡಬ್ಲ್ಯುಪಿಯ ಕೈಕೆಳಗೆ ಇಲ್ಲ. ಪಿಪ್ ಮೇಲ್ಮನವಿಗಳಲ್ಲಿ ವಿಚಾರಣೆವರೆಗೆ ಹೋದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ವರ್ಷಗಳಿಂದ ಗೆಲ್ಲುತ್ತಾ ಬಂದಿದ್ದಾರೆ. ನಮ್ಮ ಅಕ್ಕನೂ ಅಲ್ಲೇ ಗೆದ್ದರು. ಕುಕ್ಕರ್ ಇಳಿಸುವುದು ಯಾರು ಎಂದು ಅಲ್ಲಿ ಕೇಳಿದರಂತೆ.

ಪಿಂಚಣಿ ವಯಸ್ಸು ದಾಟಿದವರಿಗೆ ಪಿಪ್ ಬದಲು ಅಟೆಂಡೆನ್ಸ್ ಅಲೋಯನ್ಸ್. ಓಡಾಟದ ಭಾಗ ಅದರಲ್ಲಿ ಇಲ್ಲ.

ಮಕ್ಕಳ ವಿಷಯ

16ರ ಒಳಗಿನ ಮಕ್ಕಳಿಗೆ ಡಿಎಲ್‌ಎ. ಇದೂ ಪಬ್ಲಿಕ್ ಫಂಡ್ಸ್. ಆದರೆ ಶಾಲೆಯ ನೆರವು ಹಾಗಲ್ಲ. ಆಟಿಸಂ, ಮಾತು ತಡ, ಕಿವಿ ಕೇಳದಿರುವುದು, ಕಲಿಕೆಯಲ್ಲಿ ತೊಂದರೆ – ಯಾವ ವೀಸಾದಲ್ಲಿ ಇದ್ದರೂ ಶಾಲೆ ಮಗುವಿಗೆ ಸಹಾಯ ಮಾಡಬೇಕು. ಇಂಗ್ಲೆಂಡಿನ ಶಾಲೆಗಳಲ್ಲಿ ವಿಶೇಷ ನೆರವು ನೋಡಿಕೊಳ್ಳುವ ಸೆಂಕೊ ಎಂಬ ಶಿಕ್ಷಕರು ಇರುತ್ತಾರೆ, ಮೊದಲು ಅವರನ್ನು ಕಾಣಿ. ಅಷ್ಟು ಸಾಲದಿದ್ದರೆ ಇಂಗ್ಲೆಂಡಿನಲ್ಲಿ ಇಎಚ್‌ಸಿಪಿ ಎಂಬ ಯೋಜನಾ ಪತ್ರ ಇದೆ. ಶಾಲೆಯೇ ಕೇಳಬೇಕೆಂದಿಲ್ಲ, ಅಪ್ಪ ಅಮ್ಮನೇ ಕೌನ್ಸಿಲ್‌ಗೆ ಬರೆಯಬಹುದು. ಪರೀಕ್ಷಿಸುತ್ತೇವೋ ಇಲ್ಲವೋ ಎಂದು ಅವರು 6 ವಾರದಲ್ಲಿ ಹೇಳಬೇಕು, ಎಲ್ಲ ಮುಗಿಯಲು ಕಾನೂನಿನಲ್ಲಿ 20 ವಾರ. ತಡ ಆಗುವುದುಂಟು, ಬೆನ್ನು ಬಿಡಬೇಡಿ.

"ಜನ ಏನಂತಾರೆ" ಎಂದು ಮಗುವನ್ನು ಸಂಘದ ಕಾರ್ಯಕ್ರಮಕ್ಕೇ ಕರೆತರದ ಮನೆಗಳಿವೆ. ದಯವಿಟ್ಟು ಕರೆತನ್ನಿ. ಇದೇ ದಾರಿಯಲ್ಲಿ ಹೋದ ನಾಲ್ಕು ಮನೆಯವರು ಅಲ್ಲೇ ಸಿಗುತ್ತಾರೆ.

ಕೌನ್ಸಿಲ್ ಕೊಡುವ ಬ್ಲೂ ಬ್ಯಾಡ್ಜ್ ಕೂಡ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ಹೆಚ್ಚೆಂದರೆ 10 ಪೌಂಡ್.

ಕೆಲಸದ ಜಾಗದಲ್ಲಿ ನೆರವು

ಆಕ್ಸೆಸ್ ಟು ವರ್ಕ್ ಎಂಬ ಯೋಜನೆ 1994ರಿಂದ ಇದೆ, ನಮ್ಮವರಲ್ಲಿ ಹೆಸರು ಕೇಳಿದವರೇ ಕಡಿಮೆ. ಅಂಗವೈಕಲ್ಯ ಅಥವಾ ದೀರ್ಘ ಕಾಯಿಲೆ ಇದ್ದು ಕೆಲಸ ಮಾಡುವವರಿಗೆ ವಿಶೇಷ ಕುರ್ಚಿ, ಪರದೆ ಓದುವ ಸಾಫ್ಟ್‌ವೇರ್, ಸಂಜ್ಞೆ ಭಾಷೆಯ ದುಭಾಷಿ, ಬಸ್ಸು ಹತ್ತಲಾಗದವರಿಗೆ ಟ್ಯಾಕ್ಸಿ ಖರ್ಚು – ಇಂಥದ್ದಕ್ಕೆ ಡಿಡಬ್ಲ್ಯುಪಿ ಹಣ ಕೊಡುತ್ತದೆ. ಸಾಲ ಅಲ್ಲ, ವಾಪಸ್ ಕೊಡಬೇಕಾಗಿಲ್ಲ. ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲೂ ಇದರ ಹೆಸರಿಲ್ಲ. ಅರ್ಜಿ ನೀವೇ ಹಾಕಬೇಕು, ಕಂಪನಿ ಅಲ್ಲ. ಕಾಯುವುದು ತಿಂಗಳುಗಟ್ಟಲೆ. ಕೆಲಸದ ಆಫರ್ ಬಂದ ದಿನವೇ ಹಾಕಿಬಿಡಿ.

ಕಂಪನಿಗೂ ಜವಾಬ್ದಾರಿ ಇದೆ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಅವರು ನಿಮಗೆ ಬೇಕಾದ ಸಣ್ಣಪುಟ್ಟ ಬದಲಾವಣೆ ಮಾಡಿಕೊಡಬೇಕು: ಸಮಯದ ಹೊಂದಾಣಿಕೆ, ಮೇಜಿನ ಎತ್ತರ, ಮನೆಯಿಂದ ಕೆಲಸ. ಮೇಲ್ ಬರೆದು ಕೇಳಿ. ಬಾಯಿಮಾತಿಗೆ ದಾಖಲೆ ಇಲ್ಲ.

ಐಎಲ್‌ಆರ್ ಬಂದ ಮೇಲೆ

ಈಗ ಎರಡನೆಯ ಗಂಟೂ ತೆರೆಯುತ್ತದೆ. ಚಿಕ್ಕ ಮಕ್ಕಳಿದ್ದರೆ ಮೊದಲು ಚೈಲ್ಡ್ ಬೆನಿಫಿಟ್‌ಗೆ ಹೆಸರು ಬರೆಸಿ. ಸಂಬಳ ಜಾಸ್ತಿ ಇದ್ದು ಹಣ ಬೇಡವಾದರೆ "ಹಣ ಬೇಡ" ಎಂದು ಗುರುತು ಹಾಕಿ, ಆದರೆ ಅರ್ಜಿ ಮಾತ್ರ ಹಾಕಿ. ಮಗುವಿಗೆ 12 ಆಗುವವರೆಗೆ, ಮನೆಯಲ್ಲಿರುವ ಅಮ್ಮನಿಗೆ ಅದರಿಂದ ಎನ್‌ಐ ವರ್ಷಗಳು ಪುಕ್ಕಟೆ ಜಮೆಯಾಗುತ್ತವೆ. ಅರ್ಜಿ ಹಾಕುವವರು ದುಡಿಯದೆ ಇರುವವರೇ ಆಗಿರಲಿ. ದುಡಿಯುವ ಅಪ್ಪನ ಹೆಸರಲ್ಲಿ ಹಾಕಿ ಅಮ್ಮನ ವರ್ಷಗಳನ್ನು ಕಳೆದ ಮನೆಗಳು ಬೇಕಾದಷ್ಟಿವೆ.

ಯೂನಿವರ್ಸಲ್ ಕ್ರೆಡಿಟ್ ಸಂಬಳ ಕಡಿಮೆ ಇದ್ದವರಿಗೂ ಕೆಲಸ ಇಲ್ಲದವರಿಗೂ. ಮೊದಲ ಹಣ ಬರಲು ಸುಮಾರು 5 ವಾರ. ಮಧ್ಯೆ ಕೊಡುವ ಅಡ್ವಾನ್ಸ್ ಸಾಲ, ಮುಂದಿನ ಕಂತುಗಳಲ್ಲಿ ಮುರಿದುಕೊಳ್ಳುತ್ತಾರೆ. ಜಾಬ್‌ಸೆಂಟರಿನ ವರ್ಕ್ ಕೋಚ್ ಕರೆದ ದಿನ ತಪ್ಪಿಸಿದರೆ ಹಣಕ್ಕೆ ಕತ್ತರಿ. ಉಳಿತಾಯ 16,000 ಪೌಂಡ್ ದಾಟಿದರೆ ಸಿಗುವುದಿಲ್ಲ. ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಆ ಲೆಕ್ಕಕ್ಕೆ ಊರಿನದೂ ಸೇರುತ್ತದೆ. ಎನ್‌ಆರ್‌ಇ ಖಾತೆಯ ಎಫ್‌ಡಿ, ಮೈಸೂರಿನ ಸೈಟು, ಬಾಡಿಗೆಗೆ ಕೊಟ್ಟ ಬೆಂಗಳೂರಿನ ಫ್ಲಾಟು, ಅಪ್ಪನ ಆಸ್ತಿಯಲ್ಲಿ ಬಂದ ಪಾಲು. "ಅಲ್ಲಿದೆ, ಇಲ್ಲಿ ಯಾರು ನೋಡ್ತಾರೆ" ಎಂದು ಬಿಟ್ಟರೆ ಅದು ವಂಚನೆ.

ಮನೆಯಲ್ಲಿ ಪಿಪ್ ದಿನನಿತ್ಯದ ಭಾಗ ಪಡೆಯುವವರನ್ನು ವಾರಕ್ಕೆ 35 ಗಂಟೆ ನೋಡಿಕೊಳ್ಳುತ್ತಿದ್ದರೆ ಕೇರರ್ಸ್ ಅಲೋಯನ್ಸ್, ವಾರಕ್ಕೆ 83.30 ಪೌಂಡ್. ದುಡಿಮೆ ತೆರಿಗೆ ಕಳೆದು ವಾರಕ್ಕೆ 196 ಪೌಂಡ್ ಮೀರಬಾರದು. ಒಂದು ಪೌಂಡ್ ಮೀರಿದರೂ ಆ ವಾರದ ಭತ್ಯೆ ಪೂರ್ತಿ ಹೋಗುತ್ತದೆ. ಹೀಗೆ ಗೊತ್ತಿಲ್ಲದೆ ಮೀರಿ, ವರ್ಷಗಳ ಮೇಲೆ ಸಾವಿರಾರು ಪೌಂಡ್ ವಾಪಸ್ ಕಟ್ಟಬೇಕಾಗಿ ಬಂದವರ ಸುದ್ದಿ ಇಲ್ಲಿ ದೊಡ್ಡ ಗಲಾಟೆಯೇ ಆಯಿತು. ಓವರ್‌ಟೈಮ್ ಸಿಕ್ಕಿದ ವಾರ ಕ್ಯಾಲ್ಕುಲೇಟರ್ ಹಿಡಿಯಿರಿ.

ಸ್ಟೇಟ್ ಪೆನ್ಷನ್: ಹತ್ತು ಮತ್ತು ಮೂವತ್ತೈದು

ಈ ದೇಶದಲ್ಲಿ ಮೊದಲ ವೃದ್ಧಾಪ್ಯ ಪಿಂಚಣಿ ಕೊಟ್ಟದ್ದು 1909ರ ಜನವರಿ 1ರಂದು. 70 ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲ್ಲಿಂಗ್, ಅಂಚೆ ಕಚೇರಿಯಲ್ಲಿ. ಈಗ ನಮಗೆ ಅನ್ವಯಿಸುವುದು 2016ರ ಏಪ್ರಿಲ್ 6ರಿಂದ ಬಂದ ಹೊಸ ಪಿಂಚಣಿ. ಇದು ನಮ್ಮ ಗಂಟು. ಯಾವ ವೀಸಾದಲ್ಲಿ ಕಟ್ಟಿದ್ದರೂ ನಿಮ್ಮದೇ.

ಎರಡೇ ಸಂಖ್ಯೆ ನೆನಪಿಡಿ. ಏನಾದರೂ ಸಿಗಬೇಕಾದರೆ 10 ವರ್ಷ. ಪೂರ್ತಿ ಸಿಗಬೇಕಾದರೆ 35 ವರ್ಷ. 9 ವರ್ಷ ಕಟ್ಟಿ ಹೊರಟುಹೋದವರಿಗೆ ಸೊನ್ನೆ. ಭಾರತದಲ್ಲಿ ಪಿಎಫ್ ಕಟ್ಟಿದ ವರ್ಷಗಳನ್ನು ಇದಕ್ಕೆ ಕೂಡಿಸುವುದಿಲ್ಲ. ಪೂರ್ತಿ ಪಿಂಚಣಿ 2025–26ರಲ್ಲಿ ವಾರಕ್ಕೆ 230.25 ಪೌಂಡ್ ಇತ್ತು, 2026ರ ಏಪ್ರಿಲ್‌ನಿಂದ 241.30. ಹಳೆಯ ದರದಲ್ಲೇ ಲೆಕ್ಕ ಹಾಕಿದರೆ ಒಂದೊಂದು ವರ್ಷಕ್ಕೆ ವಾರಕ್ಕೆ ಸುಮಾರು 6.58 ಪೌಂಡ್. ಹತ್ತು ವರ್ಷ ದುಡಿದವರಿಗೆ ವಾರಕ್ಕೆ ಸುಮಾರು 66 ಪೌಂಡ್.

ಪಿಂಚಣಿ ವಯಸ್ಸು 66 ಇದ್ದದ್ದು 2026ರಿಂದ 2028ರೊಳಗೆ 67ಕ್ಕೆ ಏರುತ್ತದೆ. 1978ರ ಏಪ್ರಿಲ್ 6ರಿಂದ ಈಚೆಗೆ ಹುಟ್ಟಿದವರಿಗೆ ಈಗಿನ ಕಾನೂನಿನಲ್ಲಿ 68. ಗವ್ ಡಾಟ್ ಯುಕೆಯಲ್ಲಿ ನಿಮ್ಮ ಪಿಂಚಣಿ ಮುನ್ನೋಟ ತೆರೆದರೆ ಯಾವ ವರ್ಷ ಜಮೆ ಆಗಿದೆ, ಯಾವುದು ಖಾಲಿ ಎಂದು ಕಾಣುತ್ತದೆ. ಖಾಲಿ ವರ್ಷಗಳನ್ನು ಸಾಮಾನ್ಯವಾಗಿ ಹಿಂದಿನ ಆರು ವರ್ಷದವರೆಗೆ ತುಂಬಬಹುದು, ನಾವಾಗಿಯೇ ಕಟ್ಟುವ ಎನ್‌ಐನ ಕ್ಲಾಸ್ 3 ದರದಲ್ಲಿ ವಾರಕ್ಕೆ 17.75 ಪೌಂಡ್, ಪೂರ್ತಿ ವರ್ಷಕ್ಕೆ 923. ಆ ಒಂದು ವರ್ಷ ನಿಮಗೆ ಪಿಂಚಣಿಯಲ್ಲಿ ವರ್ಷಕ್ಕೆ ಸುಮಾರು 342 ಪೌಂಡ್ ತರುತ್ತದೆ. ಮೂರು ವರ್ಷದೊಳಗೆ ಹಾಕಿದ್ದು ವಾಪಸ್. ಆದರೆ ಪುಕ್ಕಟೆ ಜಮೆಯಾಗುವ ವರ್ಷಕ್ಕೆ, ಅಥವಾ ಹೇಗೂ 35 ಮುಟ್ಟುವವರು, ಸುಮ್ನೆ ದುಡ್ಡು ಸುರಿಯಬೇಡಿ.

ಕಂಪನಿಯ ವರ್ಕ್‌ಪ್ಲೇಸ್ ಪೆನ್ಷನ್ ಬೇರೆಯದೇ. ನಿಮ್ಮ ಜೊತೆ ಕಂಪನಿಯೂ ಹಾಕುತ್ತದೆ. ಅದರಿಂದ ಹೊರಗೆ ಬರಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಊರಿಗೆ ವಾಪಸ್ ಹೋಗುವ ಯೋಚನೆ ಇರುವವರಿಗೆ ಮೂರು ಮಾತು. ಹಿಂದೆ ನಮ್ಮವರು ಭಾರತದಲ್ಲಿ ಕೂತೇ ಅಗ್ಗದ ಕ್ಲಾಸ್ 2 ದರದಲ್ಲಿ ವರ್ಷ ತುಂಬುತ್ತಿದ್ದರು. 2026ರ ಏಪ್ರಿಲ್ 6ರಿಂದ ಆ ಬಾಗಿಲು ಮುಚ್ಚಿದೆ. ಹೊರದೇಶದಿಂದ ಹೊಸದಾಗಿ ಕಟ್ಟಲು ಹೊರಡುವವರು ಇಲ್ಲಿ 10 ವರ್ಷ ಇದ್ದಿರಬೇಕು, ಇಲ್ಲವೇ 10 ವರ್ಷ ಎನ್‌ಐ ಕಟ್ಟಿರಬೇಕು, ದರವೂ ಕ್ಲಾಸ್ 3. ಎಂಟು ಒಂಬತ್ತು ವರ್ಷಕ್ಕೆ ಗಂಟುಮೂಟೆ ಕಟ್ಟುವವರು ಹೊರಡುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ.

ಎರಡನೆಯದು, ಭಾರತದಲ್ಲಿ ನೆಲೆಸಿದವರಿಗೂ ಪಿಂಚಣಿ ಬರುತ್ತದೆ, ಆದರೆ ಹೆಪ್ಪುಗಟ್ಟಿದ ದರದಲ್ಲಿ. ಇಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಏರುವುದು ಅಲ್ಲಿ ಏರುವುದಿಲ್ಲ. ಅಮೆರಿಕದಲ್ಲಿ ನೆಲೆಸಿದವರಿಗೆ ಏರುತ್ತದೆ, ಭಾರತದಲ್ಲಿ, ಆಸ್ಟ್ರೇಲಿಯಾದಲ್ಲಿ, ಕೆನಡಾದಲ್ಲಿ ಇರುವವರಿಗೆ ಇಲ್ಲ. ನನಗೆ ಇದು ಅನ್ಯಾಯ ಅನ್ನಿಸುತ್ತದೆ, ಕಟ್ಟಿದ ಹಣ ಒಂದೇ ತಾನೆ? ವಾಪಸ್ ಬಂದು ಇಲ್ಲೇ ನೆಲೆಸಿದರೆ ಆಗಿನ ಹೊಸ ದರಕ್ಕೆ ಏರಿಸುತ್ತಾರೆ.

ಮೂರನೆಯದು, ಪಿಂಚಣಿ ತಾನಾಗಿ ಶುರುವಾಗುವುದಿಲ್ಲ, ನೀವೇ ಕೇಳಬೇಕು. ಭಾರತದಲ್ಲಿ ಇದ್ದರೆ ಇಂಟರ್‌ನ್ಯಾಷನಲ್ ಪೆನ್ಷನ್ ಸೆಂಟರಿಗೆ ಅರ್ಜಿ. ವಿಳಾಸ ಬದಲಾದಾಗಲೆಲ್ಲ ಅವರಿಗೆ ತಿಳಿಸಿ. ನೀವು ಬದುಕಿದ್ದೀರಾ ಎಂದು ಕೇಳುವ ಲೈಫ್ ಸರ್ಟಿಫಿಕೇಟ್ ಫಾರ್ಮನ್ನು ಅವರು ಆಗಾಗ ಅಂಚೆಯಲ್ಲಿ ಕಳಿಸುತ್ತಾರೆ. ನಮ್ಮ ಅಪ್ಪಂದಿರು ನವೆಂಬರ್ ಬಂದರೆ ಬ್ಯಾಂಕಿಗೆ ಹೋಗಿ ಕೊಡುವ ಜೀವನ ಪ್ರಮಾಣಪತ್ರದ ಹಾಗೇ. ಸಾಕ್ಷಿಯ ಸಹಿ ಹಾಕಿಸಿ ವಾಪಸ್ ಕಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಳೆ ಮನೆ ಬಾಡಿಗೆಗೆ ಕೊಟ್ಟು ಮಗಳ ಮನೆಗೆ ಹೋದ ಹಿರಿಯರೊಬ್ಬರಿಗೆ ಹೀಗೇ ಆಯಿತು. ಲಕೋಟೆ ಬಾಡಿಗೆದಾರರ ಟಿವಿ ಮೇಲೆ ನಾಲ್ಕು ತಿಂಗಳು ಕೂತಿತ್ತು.